ದುಡಿಮೆಮನೆಯ ಬಾವಿ

ವಿದರ್‌ಬೆಕ್ ಊರಿನ ಹಳೆಯ ದುಡಿಮೆಮನೆಯನ್ನು ಕೆಡವುತ್ತಿದ್ದವರಿಗೆ ಹಿತ್ತಿಲಿನಲ್ಲಿ ಮುಚ್ಚಿಹೋಗಿದ್ದ ಬಾವಿಯೊಂದು ಸಿಕ್ಕಿತು. ಅದರ ತಳದಲ್ಲಿ ಹೆಂಗಸೊಬ್ಬಳ ಅಸ್ಥಿಪಂಜರವಿತ್ತು. ತಲೆಬುರುಡೆ ಹಿಂದಿನಿಂದ ಒಡೆದಿತ್ತು. ಎಡತೊಡೆಯ ಮೂಳೆ ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಪಕ್ಕೆಲುಬುಗಳ ನಡುವೆ ದುಡಿಮೆಮನೆಯ ಮುದ್ರೆಯಿದ್ದ ತವರದ ಗುಂಡಿಗಳು ಬಿದ್ದಿದ್ದವು. ಇದು ನೂರು ವರ್ಷದ ಹಿಂದಿನ ಸಂಗತಿ, ಈಗ ಹಿಡಿಯುವುದು ಯಾರನ್ನು ಎಂದು ಪೊಲೀಸರು ಕೈತೊಳೆದುಕೊಂಡರು.

ಅದು ೧೯೮೪ರ ನವೆಂಬರ್. ಜೌಗುನೆಲದ ಮಂಜು ಊರನ್ನು ಬಿಟ್ಟು ಕದಲಿರಲಿಲ್ಲ. ಅಂಥ ಒಂದು ಮಧ್ಯಾಹ್ನ ನೋರಾ ಟೆಂಪರ್ಟನ್ ಎಂಬ ಎಪ್ಪತ್ತು ದಾಟಿದ ಹೆಂಗಸು ಆಗ್ನೆಸ್ ಪೆಲ್‌ಳ ಮನೆಗೆ ಬಂದಳು. ಆಗ್ನೆಸ್ ಸಾವಿನ ವಿಚಾರಣೆಯ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಈಗ ಜನರಿಗೆ ಅವರ ಹಿರಿಯರನ್ನು ಹುಡುಕಿಕೊಡುತ್ತಿದ್ದಳು. ಬಸ್ಸು ಓಡಿಸುವುದನ್ನು ಬಿಟ್ಟಿದ್ದ ಲೆನ್ ಹಬರ್ಡ್ ಅವಳ ಕಾರು ಓಡಿಸುತ್ತ, ಅವಳ ಬೈಗುಳ ತಿನ್ನುತ್ತ ಜೊತೆಗಿದ್ದ.

ನೋರಾ ಹೇಳಿದ್ದು ಇಷ್ಟು. ಅವಳ ತಂದೆ ಈನಕ್ ಬೆಳೆದದ್ದು ಆ ದುಡಿಮೆಮನೆಯಲ್ಲಿ. ಗತಿಯಿಲ್ಲದವರನ್ನು ಗಂಡು ಹೆಣ್ಣು ಬೇರೆಮಾಡಿ ಕೂಡಿಹಾಕುತ್ತಿದ್ದ ಜಾಗ ಅದು. ತಾಯಿ ಕೆಜಿಯಾ ಕೈಗೂಸನ್ನು ಅಲ್ಲೇ ಬಿಟ್ಟು ಹೋದಳೆಂದು ಎಲ್ಲರೂ ಅವನಿಗೆ ಹೇಳಿದ್ದರು.

"ಸಾಯೋವರೆಗೂ ಅಪ್ಪ ಅವಳ ಹೆಸರು ಎತ್ತಲಿಲ್ಲ ಕಣಮ್ಮ," ಎಂದಳು ನೋರಾ. "ಆದ್ರೆ ಕುಂಟಿ ಅಂತ ಒಂದ್ಸಲ ಬಾಯ್ತಪ್ಪಿ ಅಂದಿದ್ರು. ಪೇಪರಿನಲ್ಲಿ ಆ ತೊಡೆ ಮೂಳೆ ವಿಷಯ ಓದಿದಾಗಿಂದ ನಂಗೆ ಅನ್ನ ಸೇರ್ತಿಲ್ಲ. ಅವಳನ್ನ ಬಿಟ್ಟುಹೋದ ಗಂಡ ಯಾರು, ಎಲ್ಲಿಗೆ ಹೋದ, ಅದೂ ನಮಗೆ ಗೊತ್ತಿಲ್ಲ."

ಮರುದಿನದಿಂದ ಲೆನ್ ಮತ್ತು ಆಗ್ನೆಸ್ ಜಿಲ್ಲಾ ದಾಖಲೆ ಕಚೇರಿಯ ತಣ್ಣನೆಯ ಕೋಣೆಯಲ್ಲಿ ಕುಳಿತರು. ದುಡಿಮೆಮನೆಯ ಪುಸ್ತಕದಲ್ಲಿ ಕೆಜಿಯಾ ಟೆಂಪರ್ಟನ್ ಸಿಕ್ಕಳು: ವಿವಾಹಿತೆ, ಗಂಡ ಬಿಟ್ಟುಹೋದವನು, ಎಡಗಾಲು ಕುಂಟು. ಅವಳ ಹೆಸರಿನ ಎದುರಿನ ಅಂಕಣದಲ್ಲಿ, 'ಕೆಜಿಯಾ ಟೆಂಪರ್ಟನ್ ೧೮೮೧ ಮಾರ್ಚ್ ೨೫ರಂದು ಸ್ವಂತ ಇಚ್ಛೆಯಿಂದ, ಸ್ವಂತ ಉಡುಪಿನಲ್ಲಿ ಹೊರಹೋದಳು' ಎಂಬ ಬರಹವಿತ್ತು.

"ಹಾಗಾದ್ರೆ ಬಾವಿಯಲ್ಲಿರೋಳು ಇವಳಲ್ಲ," ಎಂದ ಲೆನ್.

"ಆ ಗುಂಡಿಗಳು ಯಾರ ಅಂಗಿಯವು? ಬಸ್ಸು ಓಡಿಸೀ ಓಡಿಸೀ ನಿನ್ನ ಬುದ್ಧೀನೂ ಓಡಿಹೋಗಿದೆ," ಎಂದಳು ಆಗ್ನೆಸ್.

ಅದೇ ವರ್ಷದ ಜನಗಣತಿ ನಡೆದದ್ದು ಏಪ್ರಿಲ್ ಮೂರರ ರಾತ್ರಿ. ದುಡಿಮೆಮನೆಯ ಮೇಲ್ವಿಚಾರಕ ಜ್ವರದಿಂದ ಮಲಗಿದ್ದರಿಂದ ಅವನ ಹೆಂಡತಿಯೇ ತಲೆ ಎಣಿಸಿ ಪಟ್ಟಿ ಬರೆದಿದ್ದಳು. ಅದರಲ್ಲಿ ಕೆಜಿಯಾ ಇದ್ದಳು. ಹುಟ್ಟೂರು ಸಾಲ್ಟ್‌ಮಾರ್ ಎಂಬ ಹಳ್ಳಿ. ಅದೇ ಹಾಳೆಯ ಮೇಲ್ಭಾಗದಲ್ಲಿ ನೌಕರರ ಹೆಸರುಗಳಿದ್ದವು. ಲ್ಯಾಂಬರ್ಟ್ ಕ್ರೇಕ್, ಶಾಲಾ ಮಾಸ್ತರ, ಅವಿವಾಹಿತ, ಹುಟ್ಟೂರು ಸಾಲ್ಟ್‌ಮಾರ್.

ಲೆನ್‌ನ ಅನುಮಾನ ಬೇರೆಯವನ ಮೇಲಿತ್ತು. ಬಾಗಿಲು ಕಾಯುವವ ಕುಡುಕ, ಹೆಂಗಸರ ಮೇಲೆ ಕೈಮಾಡಿ ದಂಡ ತೆತ್ತವನು ಎಂದು ಆಡಳಿತ ಮಂಡಳಿಯ ನಡವಳಿ ಪುಸ್ತಕ ಹೇಳುತ್ತಿತ್ತು. ಆದರೆ ಅವನ ಹೆಸರು ದುಡಿಮೆಮನೆಯ ಗಣತಿಯಲ್ಲಿರಲಿಲ್ಲ. ಇಡೀ ದಿನ ಹುಡುಕಿದ ಮೇಲೆ ಅವನು ಜಿಲ್ಲಾ ಜೈಲಿನ ಪಟ್ಟಿಯಲ್ಲಿ ಸಿಕ್ಕ. ಬಿಡುಗಡೆಯಾದದ್ದು ಮೇ ತಿಂಗಳಲ್ಲಿ. ಲೆನ್‌ನ ಮುಖ ಸಪ್ಪಗಾಯಿತು. ಆಗ್ನೆಸ್ ಮಾತ್ರ ಅದೇ ನಡವಳಿ ಪುಸ್ತಕದ ಇನ್ನೊಂದು ಸಾಲನ್ನು ತಿರುತಿರುಗಿ ಓದಿದಳು. ಹಿತ್ತಿಲ ಬಾವಿಯ ನೀರು ಕೆಟ್ಟಿದೆ ಎಂದು ಶಾಲಾ ಮಾಸ್ತರರು ತಿಳಿಸಿದ ಮೇರೆಗೆ ಏಪ್ರಿಲ್ ಮಧ್ಯದಲ್ಲಿ ಅದನ್ನು ಮುಚ್ಚಿಸಲಾಗಿತ್ತು.

ಕೊನೆಗೆ ಅವರು ಸಾಲ್ಟ್‌ಮಾರ್ ಚರ್ಚಿಗೆ ಹೋಗಿ ಹಳೆಯ ಮದುವೆ ಪುಸ್ತಕ ತೆಗೆಸಿದರು. ವಾಪಸು ಬರುವಾಗ ಆಗ್ನೆಸ್ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವಳು ಬಯ್ಯದೆ ಕುಳಿತದ್ದು ಲೆನ್‌ಗೆ ಭಯ ಹುಟ್ಟಿಸಿತು.

ಭಾನುವಾರ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು: ನೋರಾ, ಮೂಳೆಗಳನ್ನು ಮಣ್ಣುಮಾಡಬೇಕಿದ್ದ ಪಾದ್ರಿ, ಮತ್ತು ಹ್ಯೂಗೋ ಕ್ರೇಕ್. ಹ್ಯೂಗೋ ಆ ಮಾಸ್ತರನ ಮೊಮ್ಮಗ. ಮಾಸ್ತರ ಮುಂದೆ ಆಡಳಿತ ಮಂಡಳಿಯ ಸದಸ್ಯನೊಬ್ಬನ ಮಗಳನ್ನು ಮದುವೆಯಾಗಿ ಊರಿನ ದೊಡ್ಡ ಮನುಷ್ಯನಾಗಿದ್ದ.

ಆಗ್ನೆಸ್ ಮೆಲ್ಲಗೆ ಬಿಡಿಸಿ ಹೇಳಿದಳು. ಸೊಟ್ಟ ಮೂಳೆ, ಕುಂಟು ಕಾಲು ಎರಡೂ ತಾಳೆಯಾಗುತ್ತವೆ, ಬಾವಿಯಲ್ಲಿದ್ದವಳು ಕೆಜಿಯಾ. ಮೈಮೇಲೆ ದುಡಿಮೆಮನೆಯ ಅಂಗಿಯೇ ಇದ್ದುದರಿಂದ ಸ್ವಂತ ಉಡುಪಿನಲ್ಲಿ ಹೋದಳೆಂಬ ಬರಹ ಸುಳ್ಳು. ಮಾರ್ಚಿನಲ್ಲಿ ಹೋದವಳು ಏಪ್ರಿಲ್ ಮೂರರ ಎಣಿಕೆಗೆ ಸಿಗುವುದು ಸಾಧ್ಯವಿಲ್ಲದ್ದರಿಂದ ತಾರೀಖೂ ಸುಳ್ಳು. ಗಣತಿಗೂ ಬಾವಿ ಮುಚ್ಚಿದ್ದಕ್ಕೂ ನಡುವಿನ ದಿನಗಳಲ್ಲಿ ಅವಳು ಸತ್ತಿದ್ದಾಳೆ. ಆಗ ಬಾಗಿಲು ಕಾಯುವವ ಜೈಲಿನಲ್ಲಿದ್ದ, ಮೇಲ್ವಿಚಾರಕ ಹಾಸಿಗೆಯಲ್ಲಿದ್ದ. ಮೇಲ್ವಿಚಾರಕನ ಪುಸ್ತಕಗಳನ್ನು ಆ ತಿಂಗಳು ಬರೆಯುತ್ತಿದ್ದವನು ಹೊಸ ಮಾಸ್ತರ. ನಡವಳಿಯಲ್ಲಿ ಹಾಗೆಂದು ದಾಖಲಾಗಿದೆ. ಅವನು ಕೆಲಸಕ್ಕೆ ಬಂದದ್ದು ಮಾರ್ಚ್ ೨೮ಕ್ಕೆ.

"ತಾನು ಬರೋಕೆ ಮುಂಚೇನೇ ಅವಳು ಹೋದಳು ಅಂತ ಬರೆದುಬಿಟ್ರೆ, ಅವನನ್ನ ಯಾರು ಕೇಳ್ತಾರೆ?" ಎಂದಳು ಆಗ್ನೆಸ್.

ಹ್ಯೂಗೋ ಕೆಂಪಾದ. "ನಮ್ಮಜ್ಜನಿಗೆ ಆ ಭಿಕಾರಿ ಹೆಂಗಸಿನ ಹತ್ರ ಏನ್ರೀ ಕೆಲಸ?"

"ಹಿಂದಿನ ಯಾವ ಗಣತಿಯಲ್ಲೂ ಲ್ಯಾಂಬರ್ಟ್ ಕ್ರೇಕ್ ಅನ್ನೋನೇ ಇಲ್ಲ. ಸಾಲ್ಟ್‌ಮಾರಿನಲ್ಲಿ ಅದೇ ವಯಸ್ಸಿನ ಒಬ್ಬ ಹುಡುಗ ಇದ್ದ. ಅವನ ತಾಯಿಯ ತವರಿನ ಹೆಸರು ಕ್ರೇಕ್." ಆಗ್ನೆಸ್ ಎರಡು ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು, ಒಂದು ಮದುವೆಯ ರುಜು, ಇನ್ನೊಂದು ಆ ಸುಳ್ಳು ಬರಹ. ಎರಡರಲ್ಲೂ 'ಟೆಂಪರ್ಟನ್' ಪದದ ಕೊನೆಯ ಅಕ್ಷರ ಒಂದೇ ರೀತಿ ಹಿಂದಕ್ಕೆ ಸುತ್ತಿಕೊಂಡಿತ್ತು. "ಅವನ ನಿಜವಾದ ಹೆಸರು ಜಾಬ್ ಟೆಂಪರ್ಟನ್. ಕೆಜಿಯಾ ಅವನ ಹೆಂಡತಿ. ಬಿಟ್ಟು ಓಡಿಬಂದವನು ಹೆಸರು ಬದಲಿಸಿಕೊಂಡು, ಅವಳು ಅಲ್ಲಿರೋದು ತಿಳೀದೆ, ಸಿಕ್ಕ ಮೊದಲನೇ ಒಳ್ಳೆ ಕೆಲಸಕ್ಕೆ ಸೇರಿದ. ಹೆಂಗಸರ ಅಂಗಳದಲ್ಲಿ ಅವಳು ಅವನ ಗುರುತು ಹಿಡಿದಳು."

ಹ್ಯೂಗೋ ಆ ರುಜುವನ್ನು ಬಹಳ ಹೊತ್ತು ನೋಡಿ ಕನ್ನಡಕ ತೆಗೆದಿಟ್ಟ. ಬೇಕಾದರೆ ಗೋರಿಗೆ ಕಲ್ಲು ನಾನು ಹಾಕಿಸುತ್ತೇನೆ ಎಂದು ನೋರಾಳಿಗೆ ಹೇಳಿದ.

ನೋರಾ ಅವನತ್ತ ತಿರುಗಲೂ ಇಲ್ಲ. ಅಳುತ್ತಾಳೇನೋ ಎಂದು ಲೆನ್ ಹತ್ತಿರ ಹೋದ. ಅವಳ ಕಣ್ಣು ಒಣಗಿತ್ತು.

"ಆ ಮಾಸ್ತರರೇ ಅಪ್ಪನಿಗೆ ಓದು ಬರಹ ಕಲಿಸಿದ್ದು," ಎಂದಳು. "ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು ತಿದ್ದಿಸ್ತಿದ್ರಂತೆ. ನಿಮ್ಮಮ್ಮ ಬಿಟ್ಟುಹೋದಳು, ಅದಕ್ಕೆ ನೀನು ಅಳಬಾರದು ಅಂತ ಹೇಳಿದ್ದೂ ಅವರೇ. ಆ ಮನೇಲಿ ನನ್ನನ್ನ ಮನುಷ್ಯ ಅಂತ ನೋಡಿದ್ದು ಅವರೊಬ್ಬರೇ ಅಂತಿದ್ರು ಅಪ್ಪ."

ಅವಳು ಕೈಚೀಲ ಎತ್ತಿಕೊಂಡು ಎದ್ದಳು.

"ನಮ್ಮಣ್ಣನಿಗೆ ಲ್ಯಾಂಬರ್ಟ್ ಅಂತ ಹೆಸರಿಟ್ಟಿದ್ದು ಅವರ ನೆನಪಿಗೇ."