ಬಾಲ ಕಾಣುವವರೆಗೆ

ಕಂಕನಾಡಿ ಮಾರ್ಕೆಟಿನ ಹಿಂದೆ ಒಂದು ಹಳೆಯ ಕನ್ನಡ ಶಾಲೆ ಉಂಟು. ಅಲ್ಲಿ ಎರಡು ಕ್ಲಾಸುಗಳ ನಡುವೆ ಗೋಡೆಯಿಲ್ಲ, ಮರದ ಒಂದು ಅಡ್ಡ ಪರದೆ ಮಾತ್ರ. ಈಚೆ ಕೆಮ್ಮಿದರೆ ಆಚೆಯವರು ನೀರು ತಂದುಕೊಡಬೇಕು, ಅಷ್ಟು ತೆಳು.

ಈಚೆ ಭವ್ಯಶ್ರೀ ಟೀಚರ್. ಆಚೆ ಗಣಿತದ ಹಿತೇಶ್. ಅವನು ಅತಿಥಿ ಶಿಕ್ಷಕ. ಜೂನಿನಲ್ಲಿ ಬಂದವನು ಮಾರ್ಚಿಗೆ ಹೋಗಬೇಕು.

ಬಂದ ವಾರವೇ ಅವನು ಪರದೆ ಸುತ್ತಿ ಬಂದು ಅವಳ ಬಾಗಿಲಲ್ಲಿ ನಿಂತಿದ್ದ. ಕಿವಿಯೆಲ್ಲ ಕೆಂಪು.

"ಟೀಚರೇ, ನನ್ನ ಪಾಠದಲ್ಲಿ ತಮಾಷೆ ಎಂತ ಉಂಟು?"

"ಯಾಕೆ ಮಾಷ್ಟ್ರೇ?"

"ನಾನೊಂದು ಲೆಕ್ಕ ಮುಗಿಸಿದ ಕೂಡ್ಲೇ ಇಲ್ಲಿಂದ ಚಪ್ಪಾಳೆ. ನನ್ನ ಮಕ್ಕಳು ಬಿದ್ದು ನಗಾಡ್ತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಚಪ್ಪಾಳೆ ನಿಮಗಲ್ಲ ಮಾರಾಯ್ರೇ, ಪದಕ್ಕೆ. ಕೂತ್ಕೊಳ್ಳಿ, ತೋರಿಸ್ತೇನೆ."

ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಸಂಜೆ ಬೆಲ್ಲಾದ ಮೇಲೂ ಕೂರಿಸಿಕೊಳ್ಳುವುದು ಅವಳ ಪದ್ಧತಿ. ಉದ್ದದ ಪದ ಕಂಡರೆ ಆ ಮಕ್ಕಳಿಗೆ ಹೆದರಿಕೆ. ಮೊದಲು ಅಕ್ಷರಕ್ಕೊಂದು ಚಪ್ಪಾಳೆ ಹಾಕಿಸಿ ಪದದ ಉದ್ದ ತಿಳಿಸುತ್ತಿದ್ದಳು. ಆಮೇಲೆ ಮದುವೆ ಕಾಗದದ ದಪ್ಪ ರಟ್ಟು ಕತ್ತರಿಸಿ ಮಾಡಿದ ಪಟ್ಟಿಯಿಂದ ಪದವನ್ನು ಪೂರ್ತಿ ಮುಚ್ಚಿ, ತುಂಡು ತುಂಡಾಗಿ ತೆರೆಯುತ್ತಿದ್ದಳು.

ಅಂದು ಸರದಿ ಪ್ರಾಪ್ತಿಯದು. ನಾಲ್ಕನೇ ಕ್ಲಾಸಿನ ಚೂಟಿ ಹುಡುಗಿ, ಆದರೆ ಅವಸರದವಳು. ಪಟ್ಟಿ ಸರಿದು "ಮೀನು" ಕಂಡದ್ದೇ ತಡ, "ಮೀನುಸಾರು" ಎಂದುಬಿಟ್ಟಳು.

"ಹಸಿವಾಯ್ತಾ ನಿಂಗೆ? ಪದಕ್ಕೆ ತಲೆ ಉಂಟು, ಬಾಲ ಉಂಟು. ತಲೆ ನೋಡಿ ಊಹೆ ಮಾಡ್ಬಾರ್ದು. ಬಾಲ ಕಾಣುವವರೆಗೆ ಹೋಗ್ಬೇಕು."

ಪ್ರಾಪ್ತಿ ಮತ್ತೆ ಹೊರಟಳು. ಮೀನು. ಗಾರ. ಅಲ್ಲಿ ನಿಂತಳು. ಭವ್ಯಶ್ರೀ ಹೇಳಿಕೊಡಲಿಲ್ಲ, ಬೇರೆ ಮಕ್ಕಳೂ ಹೇಳಿಕೊಡಲಿಲ್ಲ. ಅದು ಆ ಕ್ಲಾಸಿನ ಕಟ್ಟಳೆ. ಹೊರಗೆ ಬಸ್ಸು ಹಾರ್ನ್ ಹಾಕಿತು, ಕಾಗೆ ಕೂಗಿತು, ಎಲ್ಲರೂ ದೇವರ ಮುಂದೆ ಕೂತಂತೆ ಕಾದರು. ಕೊನೆಗೆ ಮಗು ಉಸಿರೆಳೆದು, "ಮೀನುಗಾರರಿಂದ" ಎಂದು ಮುಟ್ಟಿಸಿತು.

ಹಿತೇಶನ ಕಣ್ಣು ಪ್ರಾಪ್ತಿಯ ಮೇಲಿರಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕಾದ ಭವ್ಯಶ್ರೀಯ ಮುಖದ ಮೇಲಿತ್ತು. ಅವಳಿಗೆ ಅದು ಗೊತ್ತಾಗಿ, ರಟ್ಟಿನ ಪಟ್ಟಿಯನ್ನು ಸುಮ್ಮನೆ ಸೀರೆಯ ಸೆರಗಿಗೆ ಒರೆಸಿದಳು.

ಅಂದಿನಿಂದ ಅವನು ಸಂಜೆ ಪಟ್ಟಿ ಕತ್ತರಿಸಿಕೊಡಲು ಬರತೊಡಗಿದ. ಮಕ್ಕಳು ಹೋದ ಮೇಲೆ ಇಬ್ಬರೂ ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಫ್ಲಾಸ್ಕಿನ ಚಾ ಕುಡಿಯುತ್ತಿದ್ದರು. ಹೆಚ್ಚು ಮಾತಿಲ್ಲ. ದಿನವಿಡೀ ಕೂಗಿ ಸೋತ ಗಂಟಲುಗಳಿಗೆ ಮೌನವೇ ಒಂದು ಪ್ರಸಾದ.

ಆದರೆ ಮಕ್ಕಳಿಗಾಗಿ ಅಷ್ಟು ಕಾಯುವ ಭವ್ಯಶ್ರೀ, ದೊಡ್ಡವರ ಮಾತನ್ನು ಕೊನೆಗೆ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಅವಳು ಕಲಿತದ್ದು ಹೆಣ್ಣು ನೋಡಲು ಬಂದವರಿಂದ. ಅವರು ಚಾ ಕುಡಿದು, "ಮನೆಗೆ ಹೋಗಿ..." ಎನ್ನುವಾಗಲೇ ಅವಳು, "ತಿಳಿಸ್ತೀರಿ, ಆಗಬಹುದು" ಎಂದು ಮುಗಿಸಿಬಿಡುತ್ತಿದ್ದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳಿಕೊಂಡರೆ ನೋವು ಕಡಿಮೆ. ವರ್ಷಗಳು ಕಳೆದವು, ಬರುವವರು ನಿಂತರು, ಅಭ್ಯಾಸ ಮಾತ್ರ ಉಳಿಯಿತು.

ಮಾರ್ಚಿನ ಸೆಕೆ ಶುರುವಾಯಿತು. ಹಿತೇಶನ ಅಣ್ಣ ಮುಖೇಶ ಮಸ್ಕತ್ತಿನಲ್ಲಿ ತಮ್ಮನಿಗೊಂದು ಕೆಲಸ ನೋಡಿದ್ದಾನಂತೆ ಎಂದು ಹೆಡ್ ಟೀಚರ್ ಗ್ಲ್ಯಾಡಿಸ್ ಹೇಳಿದರು. ಭವ್ಯಶ್ರೀ, "ಒಳ್ಳೇದಾಯ್ತು" ಎಂದಳು. ಆ ದಿನ ಚಾ ಸಪ್ಪೆಯಾಗಿತ್ತು.

ಸಂಜೆ ಹಿತೇಶ ಕತ್ತರಿ ಕೆಳಗಿಟ್ಟ. "ಟೀಚರೇ, ನಿಮ್ಮ ಹತ್ರ ಒಂದು ಮಾತು. ನಾನು ಮುಂದಿನ ತಿಂಗಳು..."

"ಮಸ್ಕತ್ತಿಗೆ ಹೋಗ್ತೀರಿ. ಗೊತ್ತುಂಟು. ಹೋಗಿ ಮಾಷ್ಟ್ರೇ, ಇಲ್ಲಿ ಎಂತ ಉಂಟು? ದೇವರು ಒಳ್ಳೇದು ಮಾಡ್ಲಿ."

ಅವನ ಕಣ್ಣಲ್ಲಿ ಏನೋ ಒಂದು ದೀಪ ಸಣ್ಣಗಾದಂತೆ. "ಹೌದಾ?" ಎಂದ. "ನೀವು ಹಾಗೆ ಹೇಳ್ತೀರಾದ್ರೆ ಸರಿ." ಪಟ್ಟಿಗಳನ್ನು ಜೋಡಿಸಿಟ್ಟು ಎದ್ದುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರದೆಯಾಚೆ ಅವನ ಮಗ್ಗಿ ಕೇಳುತ್ತಿತ್ತು, ಅಷ್ಟೇ. ಫ್ಲಾಸ್ಕಿನ ಚಾ ಮನೆಗೆ ವಾಪಸು ಹೋಗುತ್ತಿತ್ತು.

ಶುಕ್ರವಾರ ಗ್ಲ್ಯಾಡಿಸ್ ಟೀಚರ್, "ಹಿತೇಶ್ ಇವತ್ತು ಪಾಸ್‌ಪೋರ್ಟ್ ಕಾಪಿ ಕಳಿಸ್ತಾರಂತೆ" ಎಂದು ಹೇಳಿಹೋದರು.

ಕ್ಲಾಸಿನಲ್ಲಿ ಪ್ರಾಪ್ತಿ ಪದವೊಂದರ ತಲೆ ನೋಡಿ ಮತ್ತೆ ಏನೋ ಒದರಿದಳು. ದಣಿದಿದ್ದ ಭವ್ಯಶ್ರೀ ಎಂದಿನ ಮಾತನ್ನೇ ಹೇಳಿದಳು: "ಅರ್ಧ ನೋಡಿ ಊಹೆ ಮಾಡ್ಬೇಡ ಮಗಾ. ಮುಂದೆ ಎಂತ ಉಂಟು ಅಂತ ನಿಂಗೆ ಹೇಗೆ ಗೊತ್ತು?"

ಹೇಳಿದವಳ ಕೈ ಪಟ್ಟಿಯ ಮೇಲೆಯೇ ನಿಂತುಹೋಯಿತು.

'ನಾನು ಮುಂದಿನ ತಿಂಗಳು...' ಅಷ್ಟೇ ತಾನೇ ಅವನು ಹೇಳಿದ್ದು? ಉಳಿದದ್ದೆಲ್ಲ ಅವಳದೇ. ಅವನ ಮಾತಿನ ಬಾಲವನ್ನು ಅವಳು ಕಂಡೇ ಇರಲಿಲ್ಲ.

ಮಕ್ಕಳನ್ನು ಕಳಿಸಿ, ಪಟ್ಟಿ ಕೈಯಲ್ಲಿದ್ದಂತೆಯೇ ಪರದೆ ಸುತ್ತಿ ಹೋದಳು. ಹಿತೇಶ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

"ಪಾಸ್‌ಪೋರ್ಟ್ ಕಾಪಿ ಕಳಿಸಿ ಆಯ್ತಾ?"

"ಇಲ್ಲ. ಜೆರಾಕ್ಸ್ ಅಂಗಡಿಗೆ ಹೊರಟದ್ದು."

"ಆ ದಿನ ನೀವು ಎಂತದೋ ಹೇಳ್ತಾ ಇದ್ರಿ. ನಾನು ನಡುವಲ್ಲಿ ಬಾಯಿ ಹಾಕಿದೆ." ಅವಳು ಮುಂದಿನ ಬೆಂಚಿನಲ್ಲಿ ಕೂತು ಕೈಕಟ್ಟಿದಳು. "ಪನ್ಲೆ," ಎಂದಳು, ಶಾಲೆಯ ಕನ್ನಡ ಬಿಟ್ಟು ಮನೆಯ ತುಳುವಿಗೆ ಇಳಿದು. ಹೇಳಿ, ಕೇಳ್ತೇನೆ ಎಂಬಂತೆ.

ಆ ಒಂದು ತುಳು ಮಾತಿಗೆ ಅವನು ಬ್ಯಾಗ್ ಕೆಳಗಿಟ್ಟ.

"ನಾನು ಮುಂದಿನ ತಿಂಗಳು..." ಎಂದು ನಿಂತ. ಅವಳ ನಾಲಗೆ ತುದಿಗೆ ಏನೇನೋ ಬಂತು, ಕಚ್ಚಿ ಹಿಡಿದಳು. ಫ್ಯಾನು ಕಿರುಗುಟ್ಟಿತು.

"ಅಮ್ಮನನ್ನು ಕರ್ಕೊಂಡು..." ಮತ್ತೆ ನಿಂತ. ಅವಳು ಕಾದಳು.

"ನಿಮ್ಮ ಮನೆಗೆ ಬರ್ಬೇಕು ಅಂತಿದ್ದೆ. ನಿಮ್ಮನ್ನು ಕೇಳ್ಲಿಕ್ಕೆ. ಕೆಲಸ ಕಾಯಂ ಅಲ್ಲ, ಜೂನಿಗೆ ಇನ್ನೊಂದು ಶಾಲೆ ಹುಡುಕ್ಬೇಕು. ಆದ್ರೂ ಕೇಳುವ ಅಂತ." ಅವನು ಚಾಕ್‌ಪುಡಿಯ ಕೈ ಉಜ್ಜಿಕೊಂಡ. "ಮಸ್ಕತ್ತಿಗೆ ಮನಸ್ಸಿರಲಿಲ್ಲ. ನೀವು ಹೋಗಿ ಅಂದ್ರಿ. ಹಾಗಾದ್ರೆ ಇಲ್ಲಿ ನಂಗೆಂತ ಉಂಟು ಅನಿಸಿತು."

ಭವ್ಯಶ್ರೀ ಕಟ್ಟಿದ ಕೈ ಬಿಡಿಸಿದಳು. "ನಂಗೆ ಸುಸ್ತಾಗಿದೆ ಮಾಷ್ಟ್ರೇ."

"ಬೇಡ ಅಂತಾದ್ರೆ ಪರ್ವಾಗಿಲ್ಲ, ನಾನು..."

ಅವಳು ಕೈಯಲ್ಲಿದ್ದ ರಟ್ಟಿನ ಪಟ್ಟಿಯನ್ನು ಅವನ ಮುಖದ ಮುಂದೆ ಎತ್ತಿ ಹಿಡಿದಳು. "ಈಗ ಯಾರು ಅರ್ಧಕ್ಕೆ ಊಹೆ ಮಾಡುವುದು?"

ಪಟ್ಟಿಯ ಮೇಲಿಂದ ಅವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ನಗುತ್ತಿದ್ದವು.

"ಸುಸ್ತಾಗಿದೆ," ಎಂದು ಅವಳು ಮುಂದುವರಿಸಿದಳು, ಒಂದೊಂದೇ ತುಂಡು. "ಮನೆಗೆ ಹೋದ್ರೆ ಯಾರ ಹತ್ರವೂ ಮಾತು ಬೇಡ ಅನಿಸ್ತದೆ. ದೇವರ ಹತ್ರವೂ. ನಿಮ್ಮ ಹತ್ರ ಕೂತಾಗ ಮಾತ್ರ ಹಾಗೆ ಅನಿಸುವುದಿಲ್ಲ."

ಅವನು ಕಾದ. ಇನ್ನೂ ಉಂಟು ಎಂದು ಅವನಿಗೆ ಗೊತ್ತಿತ್ತು.

"ಮುಂದಿನ ತಿಂಗಳು ಯಾಕೆ? ಈ ಆದಿತ್ಯವಾರವೇ ಅಮ್ಮನನ್ನು ಕರ್ಕೊಂಡು ಬನ್ನಿ."

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅವನ ಬಸ್ಸು ತೊಕ್ಕೊಟ್ಟು ಕಡೆಗೆ, ಅವಳದು ಕೂಳೂರು ಕಡೆಗೆ. ಮೊದಲು ಅವಳ ಬಸ್ಸು ಬಂತು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಅವನು ಕೆಳಗೆ ನಿಂತು ಸರಳು ಹಿಡಿದು, "ಭವ್ಯಾ," ಎಂದ, ಟೀಚರ್ ಎನ್ನುವುದನ್ನು ಮೊದಲ ಸಲ ಬಿಟ್ಟು. "ನಾಳೆ ಬರುವಾಗ..."

ಕಂಡಕ್ಟರ್ ವಿಸಿಲ್ ಊದಿದ. ಬಸ್ಸು ಹೊರಟೇಬಿಟ್ಟಿತು.

ಸಂಜೆಯ ಬಿಸಿಲು ಗುರುಪುರ ಹೊಳೆಯ ಮೇಲೆ ಮಲಗಿತ್ತು. ಕೂಳೂರು ಸೇತುವೆ ದಾಟುವಾಗ ನೀರಿಗೆ ಕೈ ಮುಗಿದು ಏನಾದರೂ ಬೇಡಿಕೊಳ್ಳುವುದು ಅವಳ ರೂಢಿ. ಅಂದು ಕೈ ಮಾತ್ರ ಮುಗಿದಳು. 'ನಾಳೆ ಬರುವಾಗ' ಎಂಬ ಆ ಅರ್ಧ ಮಾತನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಲ ಏನಿರಬಹುದೆಂದು ಒಂದಿಷ್ಟೂ ಊಹಿಸದೆ, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.