ಖಾಲಿ ಬಿಟ್ಟ ಎಡ ಅರ್ಧ

ಲೋಪೊ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ ಮರುದಿನವೇ ನಮ್ಮಿಬ್ಬರಿಗೂ ಜಗಳವಾಯಿತು. ಕಾರಣ, ಅವನ ಸತ್ತ ಹೆಂಡತಿ ಹೊಲಿದಿದ್ದ ಒಂದು ಸಿಂಹ.

ನಗಬೇಡಿ. ಆ ಸಿಂಹವನ್ನು ನೀವು ನೋಡಿಲ್ಲ.

ಲಿಸ್ಬನ್ ಅರಮನೆಯ ಕಸೂತಿಮನೆಯಲ್ಲಿ ಲೋಪೊ ಬಟ್ಟೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದ. ನಾನು ಅದರ ಮೇಲೆ ದಾರ ಓಡಿಸುತ್ತಿದ್ದೆ. ನಾನು ಕೂರುತ್ತಿದ್ದ ಜಾಗದಲ್ಲಿ ಮೊದಲು ಅವನ ಹೆಂಡತಿ ವಿಯೊಲಾಂತಿ ಕೂರುತ್ತಿದ್ದಳಂತೆ. ಜ್ವರದಲ್ಲಿ ತೀರಿಕೊಂಡು ವರ್ಷಗಳಾಗಿದ್ದರೂ ಎಲ್ಲರ ಬಾಯಲ್ಲೂ ಅವಳೇ. ಲೋಪೊ ಇದ್ದಿಲಿನ ತುಂಡನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದ, ಹಾಗಾಗಿ ಆ ಕಿವಿ ಸದಾ ಕಪ್ಪು. "ವಿಯೊಲಾಂತಿ ಇದ್ದಾಗ ದಿನಾ ಒದ್ದೆ ಬಟ್ಟೇಲಿ ಒರೆಸ್ತಿದ್ಲು, ಪಾಪ" ಎಂದು ಹೆಂಗಸರು ನಿಟ್ಟುಸಿರು ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಅರಸನಿಗೆ ಎರಡನೇ ಮದುವೆ. ಮೊದಲ ರಾಣಿ ಹೆರಿಗೆಯಲ್ಲಿ ಹೋಗಿದ್ದರು. ಈಗ ಬರುತ್ತಿದ್ದವರು ಅವರ ಒಡಹುಟ್ಟಿದ ತಂಗಿ.

ರಾಣಿಯ ಲಾಂಛನಕ್ಕೆ ಎರಡು ಅರ್ಧ. ಎಡಗಡೆ ಗಂಡನ ಮನೆಯದು: ನಮ್ಮ ಅರಸರ ನೀಲಿ ಗುರಾಣಿಗಳು, ಸುತ್ತಲೂ ಕೋಟೆಗಳು. ಬಲಗಡೆ ತವರಿನದು: ಈ ಅಕ್ಕತಂಗಿಯರಿಗಾದರೆ ಸಿಂಹ, ಹದ್ದು. ಮದುವೆಯಾಗದ ರಾಜಕುಮಾರಿಗಾದರೆ ಮೂಲೆಯ ಮೇಲೆ ನಿಲ್ಲಿಸಿದ ಚೌಕ ಬರೆದು, ಬಲಕ್ಕೆ ತವರನ್ನು ತುಂಬಿ, ಎಡ ಅರ್ಧವನ್ನು ಖಾಲಿ ಬಿಡುತ್ತೇವೆ. ಬರುವವನು ಬರಲಿ ಎಂದು.

ಹೊಸ ರಾಣಿಯ ಪೀಠದ ಮೇಲೆ ಲಾಂಛನ ಹೊಲಿದ ಹೊಸ ಮೇಲ್ಕಟ್ಟು, ಅದರಲ್ಲಿ ನನ್ನ ಕೈಯ ಸಿಂಹ ಎಂದು ನಾನು ಕನಸು ಕಾಣುತ್ತಿದ್ದೆ. ಅಷ್ಟರಲ್ಲಿ ಉಗ್ರಾಣದ ಯಜಮಾನಿ ದೋನಾ ಮೆಸಿಯಾ ಮೊದಲ ರಾಣಿಯ ಹಳೆಯದನ್ನೇ ಪೆಟ್ಟಿಗೆಯಿಂದ ತೆಗೆಸಿ ತಂದರು.

"ಅಪ್ಪ ಒಬ್ನೇ, ತವರು ಒಂದೇ, ಗಂಡನೂ ಅವನೇ. ಧೂಳು ಕೊಡವಿ ಕಟ್ಟಿ, ಸಾಕು."

"ಹೌದು ಅಮ್ಮಾವ್ರೇ, ಒಂದು ಹೊಲಿಗೇನೂ ಬಿಚ್ಚೋದು ಬೇಡ" ಎಂದ ಲೋಪೊ. ಅವನ ಕಣ್ಣು ಬಲ ಅರ್ಧದಲ್ಲಿದ್ದ ವಿಯೊಲಾಂತಿಯ ಸಿಂಹದ ಮೇಲಿತ್ತು. ನನ್ನನ್ನು ಆ ಕಣ್ಣಲ್ಲಿ ಅವನು ಎಂದಾದರೂ ನೋಡಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಮಧ್ಯಾಹ್ನ ರೊಟ್ಟಿಯ ಮೇಲೆ ಸುಟ್ಟ ಮೀನಿಟ್ಟುಕೊಂಡು ಬಂದ.

"ಯಾಕೆ, ಹುಳಿ ದ್ರಾಕ್ಷಿ ತಿಂದೋಳ ಥರ ಕೂತಿದೀಯ?"

"ಏನಿಲ್ಲ. ಸಿಂಹ ಚೆನ್ನಾಗಿದೆ."

"ವಿಯೊಲಾಂತಿ ಸಿಂಹ ಅಂದ್ರೆ..." ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ.

"ಹೇಳಿ, ಯಾಕೆ ನಿಲ್ಲಿಸಿದ್ರಿ? ಬಿಚ್ಚಬೇಡಿ ಅಂತ ಮುಂದೆ ಬಿದ್ದು ಹೇಳಿದ್ರಲ್ಲ!"

"ಗಿಯೋಮಾರ್, ಅದು ಹಾಗಲ್ಲ..."

"ರಾಣಿಗೆ ಅಕ್ಕನ ಮೇಲ್ಕಟ್ಟು ನಡೆಯುತ್ತೆ. ನನಗೆ ನಡೆಯಲ್ಲ. ನಿಮ್ಮನೇಲಿ ಯಾರದ್ದೋ ಜಾಗದ ಧೂಳು ಕೊಡವಿ ನನ್ನ ಕೂರಿಸೋಕೆ ಬರಬೇಡಿ."

ಮೀನನ್ನು ಬೆಕ್ಕಿಗೆ ಹಾಕಿದೆ.

ಬದುಕಿರುವ ಸವತಿಯಾದರೆ ಮೂಗು ಸೊಟ್ಟ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು. ಸತ್ತವಳಲ್ಲಿ ಏನು ಕೊರತೆ ಹುಡುಕುವುದು? ಯಾರೂ ಇಲ್ಲದಾಗ ಮೇಲ್ಕಟ್ಟನ್ನು ತಿರುಗಿಸಿ ಸಿಂಹದ ಹಿಂಬದಿ ನೋಡಿದೆ. ಗಂಟು, ಗೋಜಲು ಏನಾದರೂ ಸಿಗಲಿ ಎಂದು. ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟು. ಅಂದು ನಾನು ನಿಜಕ್ಕೂ ಅತ್ತೆ.

ಆಮೇಲೆ ನಾನು ಅವನೊಡನೆ ಮಾತು ಬಿಟ್ಟೆ. ಅವನು ಕಿಟಕಿಯ ಬಳಿ ಏನನ್ನೋ ಬರೆಯುತ್ತ ಕೂರುತ್ತಿದ್ದ. ನಾನು ಹತ್ತಿರ ಹಾದರೆ ಮಡಿಚಿಡುತ್ತಿದ್ದ. ಅವಳ ಮುಖವನ್ನೇ ಬರೆಯುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಮೇಲ್ಕಟ್ಟು ಕಟ್ಟುವ ದಿನ ಬಂತು. ನಾನು ಏಣಿ ಹತ್ತಿದೆ. ಕೆಳಗೆ ಹಿಡಿದುಕೊಂಡವನು ಲೋಪೊ. ಕೊನೆಯ ಗಂಟು ಬಿಗಿದು ಕೇಳಿಯೇಬಿಟ್ಟೆ.

"ಅವಳಂದ್ರೆ ನಿಮಗೆ ಪ್ರೀತಿ ಇತ್ತಾ?"

"ಇತ್ತು."

"ಈಗ್ಲೂ?"

ಸುಳ್ಳು ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಈಗ್ಲೂ" ಎಂದ.

ಇಳಿದು ಹೋಗಬೇಕೆಂದಿದ್ದೆ. ಅವನು ಏಣಿಯನ್ನು ಬಿಡಲಿಲ್ಲ. "ಪೂರ್ತಿ ಕೇಳು ಮಾರಾಯ್ತಿ. ಅದು ಹೊಲಿದು ಮುಗಿದ ಬಟ್ಟೆ, ಎರಡು ಅರ್ಧಾನೂ ತುಂಬಿದೆ. ಅದನ್ನ ಬಿಚ್ಚಿ, ಅದೇ ತೂತುಗಳಲ್ಲಿ ನಿನ್ನ ದಾರ ಹಾಕಿಸ್ಲಾ? ನಿನಗೆ ಅದಕ್ಕಿಂತ ಅವಮಾನ ಬೇಕಾ? ಅದಕ್ಕೇ ಬೇಡ ಅಂದಿದ್ದು."

ಮಡಿಚಿಟ್ಟಿದ್ದ ಬಟ್ಟೆಯನ್ನು ಅಂಗಿಯೊಳಗಿಂದ ತೆಗೆದು ಏಣಿಯ ಮೆಟ್ಟಿಲ ಮೇಲೆ ಹರವಿದ. ಅಪ್ಪಟ ಹೊಸ ಬಟ್ಟೆ, ಸೂಜಿ ತಾಗಿರದ್ದು. ಮೂಲೆಯ ಮೇಲೆ ನಿಂತ ಚೌಕ. ಬಲ ಅರ್ಧದಲ್ಲಿ ಸಿಂಹವಿಲ್ಲ, ಹದ್ದಿಲ್ಲ. ಒಂದು ಉಪ್ಪಿನ ಗುಡ್ಡೆ, ಪಕ್ಕದಲ್ಲಿ ಉಪ್ಪು ಎಳೆಯುವ ಉದ್ದ ಹಿಡಿಯ ಹಲಗೆ. ಸೆತುಬಲ್‌ನ ಉಪ್ಪಿನ ಆಗರದಲ್ಲಿ ನಮ್ಮಪ್ಪ ಜೀವಮಾನವಿಡೀ ಹಿಡಿದದ್ದು ಅದನ್ನೇ.

ಎಡ ಅರ್ಧ ಖಾಲಿಯಿತ್ತು.

"ನಮ್ಮಪ್ಪಂಗೆ ಲಾಂಛನಾನಾ!" ನಗಲು ಹೋಗಿ ಕಣ್ಣು ತುಂಬಿಕೊಂಡೆ. "ಅವಳಿಗೂ ಹೀಗೆ ಬರೆದುಕೊಟ್ಟಿದ್ರಾ?"

"ಇಲ್ಲ."

"ನಿಜ ಹೇಳಿ."

"ಸಂತ ಅಂತೋನಿಯಾಣೆ. ಆಗ ತೋಚಿರ್ಲಿಲ್ಲ. ಎಡಗಡೆದು ನಿಂಗೇ ಬಿಟ್ಟಿದ್ದು, ಗಿಯೋಮಾರ್. ಖಾಲಿನೇ ಇರ್ಲಿ ಅಂದ್ರೆ ಇರ್ಲಿ." ಹೇಳುತ್ತಲೇ ಗಾಬರಿಗೆ ಕಿವಿ ಒರೆಸಿಕೊಳ್ಳಲು ತೋಳೆತ್ತಿದ.

"ಒರೆಸ್ಕೋಬೇಡ ನೀನು" ಎಂದೆ.

ನಾನು ಅವನನ್ನು 'ನೀನು' ಎಂದದ್ದು ಅದೇ ಮೊದಲು. ತೋಳು ಹಾಗೇ ನಿಂತಿತು.

ಕಿವಿಯ ಹಿಂದಿನ ಇದ್ದಿಲನ್ನು ನಾನೇ ತೆಗೆದುಕೊಂಡು ಎಡ ಅರ್ಧದಲ್ಲಿ ಗೀಚಿದೆ. ನನಗೆ ಬರೆಯಲು ಎಲ್ಲಿ ಬರುತ್ತದೆ!

"ಏನಿದು, ಚಿಪ್ಪು ಮೀನಾ?"

"ನಿನ್ನ ಕಿವಿ. ಕಪ್ಪು ದಾರದಲ್ಲೇ ಹೊಲಿತೀನಿ. ಅವಳು ಒರೆಸಿದ್ದನ್ನ ನಾನು ಒರೆಸಲ್ಲ, ತಿಳ್ಕೋ."

ಮೇಲ್ಕಟ್ಟಿನಿಂದ ವಿಯೊಲಾಂತಿಯ ಸಿಂಹ ನಮ್ಮನ್ನೇ ನೋಡುತ್ತಿತ್ತು. ನೋಡಲಿ ಎಂದು ಏಣಿಯಿಂದ ಬಗ್ಗಿ ಆ ಕರಿ ಕಿವಿಗೆ ಮುತ್ತು ಕೊಟ್ಟೆ.

ಸಂಜೆಯವರೆಗೆ ನನ್ನ ತುಟಿ ಕಪ್ಪಾಗಿತ್ತು. ಕಸೂತಿಮನೆಯ ಹೆಂಗಸರೆಲ್ಲ ನೋಡಿದರು. ಒಬ್ಬಳು ಒದ್ದೆ ಬಟ್ಟೆಯನ್ನೂ ತಂದುಕೊಟ್ಟಳು. ನಾನು ಒರೆಸಿಕೊಳ್ಳಲಿಲ್ಲ.