ಮರದ ಈ ಕಡೆ ದೀಪವಿಲ್ಲ

"ರೀ... ಏಣಿ ಮೇಲಿರೋರೇ! ಈ ಕಡೆ ಮನುಷ್ಯರು ವಾಸ ಮಾಡಲ್ವಾ?"

ಏಣಿಯ ತುದಿಯಲ್ಲಿದ್ದವನು ಬೆಚ್ಚಿಬಿದ್ದು ಕೆಳಗೆ ನೋಡಿದ. ತಲೆಗೂದಲಿಗೆ ಮೈದಾಹಿಟ್ಟು, ಏಪ್ರನ್ ಮೇಲೆ ಕ್ರೀಮಿನ ಕಲೆ, ಸೊಂಟದ ಮೇಲೆ ಕೈ... ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವ ಹುಡುಗಿ! ಊರವರೆಲ್ಲ ಅವಳನ್ನು ಸಕ್ಕರೆ ಎಂದೇ ಕರೆಯುತ್ತಿದ್ದರು. ಆ ಹೊತ್ತಿನಲ್ಲಿ ಆ ಮುಖದಲ್ಲಿ ಮಾತ್ರ ಸಕ್ಕರೆಯ ಒಂದು ಹರಳೂ ಇರಲಿಲ್ಲ ಬಿಡಿ.

ಊರ ನಡುವಿನ ಚೌಕದಲ್ಲಿ ದೊಡ್ಡದೊಂದು ಮರ. ಕ್ರಿಸ್ಮಸ್ ಬಂತೆಂದರೆ ಅದಕ್ಕೆ ಮೈತುಂಬ ದೀಪ. ಆ ವರ್ಷ ಮೂರು ಕಡೆ ಝಗಮಗ, ನಾಲ್ಕನೆಯ ಕಡೆ ಗವ್ವೆನ್ನುವ ಕತ್ತಲು. ಆ ಕತ್ತಲಿಗೆ ಎದುರಾಗಿಯೇ ಅವಳ ಮನೆಯ ಮಹಡಿಯ ಕಿಟಕಿ!

"ದೀಪದ ಸರ ಸಾಲಲಿಲ್ಲ ರೀ," ಎಂದ ವೈರ್‌ಮನ್ ಅಳುಕುತ್ತಾ.

"ನಮ್ಮಜ್ಜಿಗೆ ಮಂಡಿ ಹೋಗಿದೆ. ಮೆಟ್ಟಿಲು ಇಳಿಯೋ ಹಾಗಿಲ್ಲ. ಆ ಕಿಟಕೀನೇ ಅವರ ಪ್ರಪಂಚ. ವರ್ಷಕ್ಕೊಂದ್ಸಲ ಬರೋ ಬೆಳಕು... ಅದೂ ಬೇಡ್ವಾ ಅವರಿಗೆ?"

ಜಗಳಕ್ಕೆ ಬಂದವಳು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಅವನು ಸರಸರನೆ ಇಳಿದು ಬಂದ.

"ಅಳ್ಬೇಡಿ. ನಾಳೆ ಖಂಡಿತ ಹಾಕ್ತೀನಿ."

ನಾಳೆ ಬಂತು, ನಾಡಿದ್ದೂ ಬಂತು. ದೀಪ ಮಾತ್ರ ಬರಲಿಲ್ಲ!

ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ಇವಳಿಗೆ ಮೈಯೆಲ್ಲ ಉರಿ.

ಆದರೆ ಬೇಕರಿಯ ಹಿಟ್ಟು ಕಲಸುವ ಮಷಿನ್ ಕೆಟ್ಟರೆ ಬರಬೇಕಾದವನೂ ಅವನೇ! ಬಂದಾಗಲೆಲ್ಲ ಅಜ್ಜಿಯ ಮಂಡಿನೋವು ವಿಚಾರಿಸುತ್ತಿದ್ದ. ಅವಳು ಬೈಯುತ್ತಲೇ ಚಹಾ ಕೊಡುತ್ತಿದ್ದಳು. ಬರಬರುತ್ತಾ ಬೈಗುಳ ಕಡಿಮೆಯಾಯಿತು, ಚಹಾ ಜಾಸ್ತಿಯಾಯಿತು. ಮಷಿನ್ ಸರಿಯಿದ್ದ ದಿನಗಳಲ್ಲಿ ಯಾಕೋ ಅವಳಿಗೆ ಕೆಲಸವೇ ಸಾಗುತ್ತಿರಲಿಲ್ಲ.

ಹೀಗೇ ವರ್ಷ ಉರುಳಿತು. ಒಂದು ಮಧ್ಯಾಹ್ನ ಅವನು ಬೇಕರಿಯ ಹಿಂಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟ.

"ನನ್ನ ಮದುವೆ ಆಗ್ತೀರಾ?"

ಅವಳು ಕೇಕಿನ ಮೇಲೆ ಬಿಡಿಸುತ್ತಿದ್ದ ಗುಲಾಬಿ ಎಲೆಕೋಸಾಯಿತು!

'ಹೂಂ ಅನ್ನು, ಹೂಂ ಅನ್ನು...' ಎಂದು ಎದೆ ಬಡಿದುಕೊಳ್ಳುತ್ತಿತ್ತು. ಆದರೆ ಆ ಹಳೆಯ ಮುಳ್ಳು? ಅಜ್ಜಿಗಾಗಿ ಕೊಟ್ಟ ಮಾತು ತಪ್ಪಿದವನು ನಾಳೆ ನನ್ನ ಕೈ ಬಿಡುವುದಿಲ್ಲವೆಂದು ಏನು ಗ್ಯಾರಂಟಿ?

"ಈ ಸಲ ಮರದ ನಮ್ಮ ಕಡೆ ದೀಪ ಹತ್ತಲಿ. ಹತ್ತಿದ್ರೆ ಹೂಂ ಅಂತ ತಿಳ್ಕೊಳ್ಳಿ. ಇಲ್ಲಾಂದ್ರೆ ಮತ್ತೆ ಕೇಳ್ಬೇಡಿ."

ಅವನ ಮುಖ ಬಾಡಿತು. "ಬೇರೆ ಏನಾದ್ರೂ ಕೇಳಿ..."

"ಬೇರೇನೂ ಬೇಡ."

ದೀಪ ಹಚ್ಚುವ ಸಂಜೆ ಬಂದೇಬಿಟ್ಟಿತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಚೌಕದ ತುಂಬ ಜನ, ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಬೀದಿಗೆಲ್ಲ ಬೇಕರಿಯ ಘಮ. ಸಕ್ಕರೆ ಏಪ್ರನ್ ಕೂಡ ಬಿಚ್ಚದೆ ಓಡಿಬಂದಳು.

ಝಗ್! ಮರ ಬೆಳಗಿತು. ಜನರೆಲ್ಲ ಹೋ ಎಂದರು. ಅವಳು ಮರದ ಆಚೆ ಬದಿಗೆ ಓಡಿದಳು.

ಕತ್ತಲು...

'ಇಷ್ಟೇನಾ? ನಿನ್ನ ಪ್ರೀತಿಗೆ ಇಷ್ಟೇನಾ ಬೆಲೆ?' ಕಣ್ಣು ತುಂಬಿ ಬಂತು. ಆಗಲೇ ಕಂಡಿತು, ಆ ಕಡೆಯ ಕೊಂಬೆಗಳ ಮೇಲೂ ದೀಪದ ಸರ ಹಬ್ಬಿತ್ತು! ಬುಡದಲ್ಲಿ ಅದರ ಪ್ಲಗ್ ಸುಮ್ಮನೆ ಬಿದ್ದಿತ್ತು.

'ಅಯ್ಯೋ ಪಾಪ! ಸಿಕ್ಕಿಸೋದು ಮರೆತಿದ್ದಾರೆ ಅಷ್ಟೇ!'

ಖುಷಿಯಿಂದ ಅವಳೇ ಪ್ಲಗ್ ಸಿಕ್ಕಿಸಿದಳು.

ಬೆಳಕು ಚಿಮ್ಮಿದ್ದೇ ತಡ, ಭರ್ರೆಂದು ಕೊಂಬೆಗಳೆಲ್ಲ ಎದ್ದು ಹಾರಿದಂತಾಯಿತು. ಗುಬ್ಬಚ್ಚಿಗಳು! ಲೆಕ್ಕವಿಲ್ಲದಷ್ಟು ಗುಬ್ಬಚ್ಚಿಗಳು ದಿಕ್ಕು ತೋಚದೆ ಚೀರುತ್ತಾ ಮೇಲೆ ಸುತ್ತತೊಡಗಿದವು.

ಮಹಡಿಯ ಕಿಟಕಿಯಿಂದ ಅಜ್ಜಿಯ ಕೂಗು ಕೇಳಿತು. "ಅಯ್ಯಯ್ಯೋ, ನನ್ನ ಗುಬ್ಬಿಗಳು! ಯಾವ ಪುಣ್ಯಾತ್ಮರೋ ದೀಪ ಹಚ್ಚಿದ್ದು?"

ಅವನು ಎಲ್ಲಿಂದಲೋ ಓಡಿಬಂದು ಮೇನ್ ಸ್ವಿಚ್ಚನ್ನೇ ಆರಿಸಿದ. ಇಡೀ ಮರ ಕತ್ತಲಾಯಿತು!

"ಏಯ್, ಏನಾಯ್ತು?" ಎಂದು ಜನ ಗದ್ದಲವೆಬ್ಬಿಸಿದರು.

"ಕೈ ಮುಗೀತೀನಿ, ಯಾರೂ ಮಾತಾಡ್ಬೇಡಿ! ಸ್ವಲ್ಪ ಹೊತ್ತು ಅಷ್ಟೇ. ಅವು ವಾಪಸ್ ಬಂದು ಕೂರ್ಲಿ."

ಅಷ್ಟು ಜನ ತುಂಬಿದ್ದ ಚೌಕ ಮೆಲ್ಲಗೆ ಮೌನವಾಯಿತು. ಮಕ್ಕಳು ಕೂಡ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಮಸುಕು ಆಕಾಶದಲ್ಲಿ ಪುಟ್ಟ ರೆಕ್ಕೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಲ್ಲರೂ ಒಂದೇ ಕನಸು ಕಾಣುತ್ತಿರುವಂತಿತ್ತು.

"ಇದೆಲ್ಲ ಏನು?" ಅವಳು ಪಿಸುಗುಟ್ಟಿದಳು.

"ಹೋದ ವರ್ಷ ಮಾತು ಕೊಟ್ಟ ಮಾರನೇ ದಿನವೇ ಸರ ಹಿಡಿದು ಏಣಿ ಹತ್ತಿದ್ದೆ ರೀ. ಅಜ್ಜಿ ಕಿಟಕಿಯಿಂದ ಕೈ ಬೀಸಿ ತಡೆದ್ರು. 'ಮಗಾ, ಈ ವರ್ಷ ಗುಬ್ಬಿಗಳು ಈ ಕಡೆ ಸೇರ್ಕೊಂಡಿವೆ. ಅವಳು ಕೆಲಸಕ್ಕೆ ಹೋದ್ಮೇಲೆ ಸಂಜೆ ಹೊತ್ತು ಇವೇ ನನಗೆ ಜೊತೆ. ಬೆಳಕು ಹಾಕಿದ್ರೆ ಓಡಿಹೋಗ್ತಾವೆ' ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ಆಣೆ ಹಾಕಿಸ್ಕೊಂಡ್ರು. 'ನಾನು ಒಂಟಿ ಅಂತ ಗೊತ್ತಾದ್ರೆ ನನ್ನ ಮೊಮ್ಮಗಳು ಇಷ್ಟಪಟ್ಟ ಕೆಲಸ ಬಿಟ್ಟು ಮನೇಲಿ ಕೂತ್ಬಿಡ್ತಾಳೆ' ಅಂತ. ಇವತ್ತು ಅವರೇ ಕೂಗಿ ಬಿಟ್ಟುಕೊಟ್ರು, ಅದಕ್ಕೇ ಹೇಳ್ತಿದೀನಿ."

ಮಧ್ಯಾಹ್ನ ಹೋಗಿ ರಾತ್ರಿ ಊಟಕ್ಕೆ ಬರುವವಳಿಗೆ ಮಲಗಿದ ಗುಬ್ಬಿಗಳು ಹೇಗೆ ಕಂಡಾವು? ಅಜ್ಜಿಯ ಸಂಜೆಗಳನ್ನು ಒಂದು ದಿನವಾದರೂ ಕೇಳಿದ್ದಳೇ?

"ಮತ್ತೆ ಈ ಸರ?"

ಅವನು ತಲೆ ತಗ್ಗಿಸಿದ. "ಬೆಳಿಗ್ಗೆ ನಾನೇ ಹಾಕಿದೆ. ನೀವು ಬೇಕು ಅನ್ನೋ ಆಸೆ... ಸಂಜೆ ಪ್ಲಗ್ ಹಿಡ್ಕೊಂಡು ನಿಂತಾಗ ಅವು ಒಂದೊಂದಾಗಿ ಬಂದು ಕೂರ್ತಾ ಇದ್ವು. ಕೈ ಬರಲಿಲ್ಲ. ನಿಮ್ಮನ್ನ ಕಳ್ಕೊಂಡೆ ಅಂದ್ಕೊಂಡೇ ಕೆಳಗೆ ಹಾಕಿದೆ."

ಅವಳ ಕಣ್ಣೀರು ಕೆನ್ನೆಯ ಮೇಲಿನ ಹಿಟ್ಟನ್ನು ತೊಳೆದು ಗೆರೆ ಎಳೆಯಿತು. ಮಾತು ತಪ್ಪಿದವನೆಂದು ವರ್ಷವಿಡೀ ಬೈದದ್ದು ಇವನನ್ನೇ! ಇವನಷ್ಟು ಮಾತು ಉಳಿಸಿಕೊಂಡವರು ಇನ್ಯಾರಿದ್ದಾರೆ?

ಮೊದಲು ಒಂದು ಗುಬ್ಬಿ ಇಳಿಯಿತು. ಆಮೇಲೆ ಎರಡು... ಆಮೇಲೆ ಹಿಂಡು ಹಿಂಡಾಗಿ.

"ಬಂದ್ವು ಕಣೋ ಮಗಾ!" ಅಜ್ಜಿಯ ದನಿ ಮೇಲಿನಿಂದ ತೇಲಿಬಂತು. ಚೌಕದ ಜನರೆಲ್ಲ ಸದ್ದಿಲ್ಲದೆ ನಕ್ಕರು.

ಅವನು ಆ ಕಡೆಯ ಪ್ಲಗ್ ಕಿತ್ತು ಮೇನ್ ಸ್ವಿಚ್ ಒತ್ತಿದ. ಮೂರು ಕಡೆ ಬೆಳಕು ಮರಳಿತು. ನಾಲ್ಕನೆಯ ಕಡೆಯ ನೆರಳಿನಲ್ಲಿ ಇಬ್ಬರೇ ಉಳಿದರು.

"ಹತ್ತಲಿಲ್ಲ ಅಂದ್ರೆ ಮತ್ತೆ ಕೇಳ್ಬೇಡಿ ಅಂದಿದ್ರಿ," ಎಂದ ಅವನು, ನೆಲ ನೋಡುತ್ತಾ.

ಅವಳು ಅವನ ಕೈಯಿಂದ ಪ್ಲಗ್ ತೆಗೆದುಕೊಂಡಳು. ವೈರಿನ ತುದಿಯನ್ನು ನಿಧಾನವಾಗಿ ಸುತ್ತಿ ಅವನ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿದಳು.

"ಕೇಳ್ಬೇಡಿ. ನಾನೇ ಹೇಳ್ತೀನಿ. ನಮ್ಮ ಕಡೆ ಯಾವತ್ತೂ ದೀಪ ಹಾಕ್ಬೇಡಿ. ಅದೇ ನನ್ನ ಹೂಂ."

ಅವನು ತಲೆಯೆತ್ತಿ ನಕ್ಕ. ಆಮೇಲೆ ಕೇಳಿದ, "ಹಾಗಾದ್ರೆ ಕೆಲಸ ಬಿಡ್ತೀರಾ?"

"ಬಿಡ್ಲೇಬೇಕಲ್ವಾ? ಅಜ್ಜಿ ಒಬ್ರೇ..."

"ಬೇಡ. ನನ್ನ ಕೆಲಸ ಸಂಜೆಗೆ ಮುಗಿಯುತ್ತೆ. ಗುಬ್ಬಿ ಬರೋ ಹೊತ್ತಿಗೆ ನಾನೂ ಬಂದು ಅಜ್ಜಿ ಜೊತೆ ಕೂರ್ತೀನಿ. ನೀವು ಕೇಕ್ ಮುಗಿಸ್ಕೊಂಡು ಬನ್ನಿ."

"ದಿನಾ ಬರ್ತೀರಾ?"

"ಗುಬ್ಬಿಗಳು ದಿನಾ ಬರ್ತಾವಲ್ಲ?"

ಅವಳು ಅವನ ಭುಜಕ್ಕೆ ಹಣೆಯಾನಿಸಿ ಕಿಲಕಿಲನೆ ನಕ್ಕಳು.

ಮೇಲಿನಿಂದ ಅಜ್ಜಿಯ ಪಿಸುದನಿ ಕೇಳಿತು. "ಮೆಲ್ಲಗೆ ಕಣ್ರೋ... ಈಗ ತಾನೇ ಮಲಗಿದಾವೆ."